ಇಬ್ಬರೂ ಬಿಟ್ಟ ಅಂಚು

ಫೆಬ್ರವರಿ 18

ಮಗಳೇ,

ಮೊದಲನೇ ಜೇಬು ಬಿಚ್ಚಿದೆ!

ಬೇರೇನು ಬರೆಯುವುದಕ್ಕೂ ಮುಂಚೆ ಇದನ್ನೇ ಬರೆಯಬೇಕು ಅಂತ ಬೆಳಗಿನಿಂದ ಕಾದಿದ್ದೆ. ಈ ತೋಳಿಲ್ಲದ ಕೋಟಿನ ಒಳಗೆ ದಾರಿಯ ಒಂದೊಂದು ಹಂತದ ಖರ್ಚಿಗೆ ಒಂದೊಂದು ಕಳ್ಳಜೇಬು ಹೊಲಿದು, ದುಡ್ಡು ತುಂಬಿ, ಬಾಯಿ ಮುಚ್ಚಿ, ಬಣ್ಣದ ದಾರದಲ್ಲಿ ಗುರುತು ಹಾಕಿ ಕಳಿಸಿದೆಯಲ್ಲ, ಅದರಲ್ಲಿ ಹಸಿರು ದಾರದ್ದನ್ನು ಸೇತುವೆಯ ಆಚೆಗಿನ ಛತ್ರದಲ್ಲಿ ಮಂಚದ ಮೇಲೆ ಕೂತು ಬ್ಲೇಡಿನಿಂದ ಬಿಚ್ಚಿದೆ. ಛತ್ರದವನು ಗಾಬರಿಯಾಗಿ, "ಏನಮ್ಮಾ, ಮೈಮೇಲಿನ ಕೋಟನ್ನೇ ಹರ್ಕೊಳ್ತಿದ್ದೀರಲ್ಲ!" ಅಂದ. "ಇದು ಕೋಟಲ್ಲಪ್ಪಾ, ನನ್ನ ಬ್ಯಾಂಕು. ಇವತ್ತು ಬಾಗಿಲು ತೆಗೆಯೋ ದಿನ" ಅಂದೆ. ಸಾಲು ಮಂಚದಲ್ಲಿ ಮಲಗಿದ್ದ ಯಾತ್ರಿಕರೆಲ್ಲ ಎದ್ದು ಕೂತು ನಕ್ಕರು.

ಮಗಳೇ, ನಾನು ಗುಡ್ಡದ ಯಾತ್ರೆಗೆ ನಡೆಯುತ್ತಿದ್ದೇನೆ! ಇಷ್ಟು ವರ್ಷ ಹೊಲಿಗೆ ಮಿಷನ್ನಿನ ಪೆಡಲ್ ತುಳಿದೆ, ಕುರ್ಚಿ ಇದ್ದಲ್ಲೇ ಇತ್ತು. ಈಗ ತುಳಿದಷ್ಟೂ ಊರು ಹಿಂದೆ ಸರಿಯುತ್ತದೆ. ಬೆಳಗ್ಗೆ ಕಂಡ ದಿಬ್ಬ ಮಧ್ಯಾಹ್ನ ಬೆನ್ನ ಹಿಂದೆ ಇರುತ್ತದೆ, ಅದನ್ನು ಅಲ್ಲಿಗೆ ಕಳಿಸಿದವಳು ನಾನೇ! ನಾಚಿಕೆ ಬಿಟ್ಟು ಒಂದು ಸಲ ಜೋರಾಗಿ ಕೂಗಿಯೂಬಿಟ್ಟೆ. ಕಾಲಿನಲ್ಲಿ ಎರಡು ಗುಳ್ಳೆ ಎದ್ದಿವೆ. ಸೂಜಿಗೆ ದಾರ ಪೋಣಿಸಿ ಚುಚ್ಚಿ ನೀರು ತೆಗೆದೆ. ಸೂಜಿ ಹಿಡಿಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಫೋನ್ ಬಿಟ್ಟು ಬಂದೆ ಅಂತ ಇನ್ನೂ ಕೋಪವೇ? ಅದಿದ್ದರೆ ನೀನು ಗಂಟೆಗೊಂದು ಸಲ "ಎಲ್ಲಿದ್ದೀಯಾ, ಎಷ್ಟು ಖರ್ಚಾಯ್ತು" ಅಂತ ಕೇಳುತ್ತಿದ್ದೆ. ಕಾಗದವಾದರೆ ಹದಿನೈದು ದಿನಕ್ಕೊಮ್ಮೆ ಬೈಸಿಕೊಂಡರೆ ಸಾಕು. ಮುಂದಿನದನ್ನು ಹಳೆಯ ಗಡಿಯಾರದ ಗೋಪುರ ಇರುವ ಪೇಟೆಯ ಛತ್ರಕ್ಕೆ ಹಾಕು. ಯಾತ್ರಿಕರ ಕಾಗದಗಳನ್ನು ಇವರು ಬಾಗಿಲ ಹಿಂದೆ ಹಗ್ಗ ಕಟ್ಟಿ, ಒಗೆದ ಬಟ್ಟೆಯ ಹಾಗೆ ಕ್ಲಿಪ್ಪು ಹಾಕಿ ನೇತುಹಾಕುತ್ತಾರೆ.

ಅಂಗಡಿ ಹೇಗಿದೆ? ನೀನು ಹೇಗಿದ್ದೀಯ?

ರಸ್ತೆ ಮೇಲಿರುವ,
ನಿನ್ನ ಅಮ್ಮ


ಫೆಬ್ರವರಿ 28

ಅಮ್ಮಾ,

ಹೊಲಿಗೆ ಬಿಚ್ಚುವುದಕ್ಕೆ ಬ್ಲೇಡು ಹಾಕಬೇಡ ಅಂತ ಗಿಣಿಗೆ ಹೇಳಿದ ಹಾಗೆ ಹೇಳಿದ್ದೆ. ಸಣ್ಣ ಕತ್ತರಿಯನ್ನು ಎಡಗಡೆ ಜೇಬಿನಲ್ಲೇ ಇಟ್ಟಿದ್ದೇನೆ. ನೋಟಿನ ಮೇಲೆ ಬ್ಲೇಡು ಆಡಿದ್ದರೆ ಏನು ಮಾಡುತ್ತಿದ್ದೆ? ಗೋಂದು ಹಚ್ಚುತ್ತಿದ್ದೆಯಾ?

ಇನ್ನೊಂದು ಸಲ ಹೇಳುತ್ತೇನೆ, ಕಿವಿಗೆ ಹಾಕಿಕೋ. ಪೇಟೆಯಲ್ಲಿ ಮಂಚದ ಬಾಡಿಗೆ ಜಾಸ್ತಿ, ಹಳ್ಳಿಯಲ್ಲಿ ಕಡಿಮೆ. ಹಳ್ಳಿಯಲ್ಲಿ ಉಳಿದದ್ದು ಪೇಟೆಗೆ ಬೇಕಾಗುತ್ತದೆ, ಅದನ್ನು ಕೇಕು ತಿಂದು ಮುಗಿಸಬೇಡ. ಒಲೆ ಇರುವ ಛತ್ರವಾದರೆ ನೀನೇ ಬೇಯಿಸಿಕೋ, ಹೋಟೆಲಿಗಿಂತ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ಬೂಟಿನ ಅಟ್ಟೆ ಸವೆಯುವುದಕ್ಕೆ ಮುಂಚೆಯೇ ತೋರಿಸು, ಸವೆದ ಮೇಲೆ ತೋರಿಸಿದರೆ ಹೊಸ ಬೂಟಿನ ಖರ್ಚು. ದಾರಿಯಲ್ಲಿ ಯಾರಾದರೂ ಗೆಳತಿಯರು ಸಿಕ್ಕು, ಅವರು ಎರಡು ಚಹಾ ಕುಡಿದರು ಅಂತ ನೀನೂ ಕುಡಿಯಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು. ಗುಡ್ಡ ಮುಟ್ಟುವ ಮೊದಲೇ ಕೋಟು ಖಾಲಿಯಾದರೆ ಅಲ್ಲಿಂದಲೇ ಬಸ್ಸು ಹತ್ತಬೇಕಾಗುತ್ತದೆ. ಆಮೇಲೆ ಜೀವನವಿಡೀ ಆ ಕೊರಗನ್ನು ಕೇಳಬೇಕಾದವಳು ನಾನು.

ಅಂಗಡಿ ಚೆನ್ನಾಗಿದೆ. ಎದುರಿನ ರೆಡಿಮೇಡ್ ಅಂಗಡಿಯವನು ಬಾಗಿಲಿಗೆ ದೀಪದ ಸರ ಬಿಟ್ಟಿದ್ದಾನೆ, ಎರಡು ಅಂಗಿ ಕೊಂಡರೆ ಒಂದು ಉಚಿತವಂತೆ. ಅವನು ಕೊಟ್ಟ ಅಂಗಿಯ ತೋಳು ಗಿಡ್ಡ ಮಾಡಿಸುವುದಕ್ಕೆ ಜನ ನಮ್ಮಲ್ಲಿಗೇ ಬರುತ್ತಾರೆ, ನಾನೇನೂ ಬೇಡ ಅನ್ನುವುದಿಲ್ಲ. ಶಾಲೆಯ ಸಮವಸ್ತ್ರದ ಬಟ್ಟೆ ಥಾನುಗಟ್ಟಲೆ ಬಂದು ಬಿದ್ದಿದೆ. ಪಕ್ಕದ ಇಸ್ತ್ರಿ ಅತ್ತೆ ದಿನಾ ಬೆಳಗ್ಗೆ ಕೆಂಡ ಹಾಕಿಕೊಳ್ಳುವಾಗ "ಅಮ್ಮ ಎಲ್ಲಿವರ್ಗೂ ಹೋದ್ರೇ?" ಅಂತ ಕೇಳುತ್ತಾಳೆ. ನನಗೇನು ಗೊತ್ತು ಅಂತೀನಿ.

ಈಗ ಕತ್ತರಿಸುವುದೂ ನಾನೇ, ಹೊಲಿಯುವುದೂ ನಾನೇ. ನಿನ್ನೆ ನಿನ್ನ ಮಿಷನ್ನಿನಲ್ಲಿ ಕೂತಿದ್ದಾಗ ಸೀಮೆಸುಣ್ಣ ಬೇಕಾಯಿತು. ಹಿಂದೆ ಬಟ್ಟೆ ಕತ್ತರಿಸುವ ಮೇಜಿನ ಕಡೆ ಕೈ ಚಾಚಿ "ಕೊಡು" ಅಂದೆ. ಆ ಮೇಜಿನ ಹತ್ತಿರ ಇರಬೇಕಾದವಳು ನಾನೇ ತಾನೇ! ಒಬ್ಬಳೇ ನಕ್ಕೆ.

ಏನು ತಿನ್ನುತ್ತಿದ್ದೀಯಾ ಅಂತ ವಿವರವಾಗಿ ಬರೆ.

ಇಲ್ಲೇ ಇರುವ,
ಮಗಳು


ಮಾರ್ಚ್ 13

ಮಗಳೇ,

ನಿನ್ನ ಕಾಗದವನ್ನು ಕ್ಲಿಪ್ಪಿನಿಂದ ಬಿಡಿಸಿಕೊಂಡಾಗ ಆದ ಸಂತೋಷ, ಓದಿದ ಮೇಲೂ ಅಷ್ಟೇ ಇತ್ತು. ಬೈಗುಳವೂ ನಿನ್ನದೇ ಅಕ್ಷರದಲ್ಲಿದ್ದರೆ ಸಿಹಿ.

ನೀನು ಹೆದರಿದ್ದೇ ಆಯಿತು, ಒಬ್ಬ ಗೆಳತಿ ಸಿಕ್ಕಿದ್ದಾಳೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವಳು. ನನ್ನ ವಯಸ್ಸೇ, ಆದರೆ ಗಂಟಲು ಮಾತ್ರ ಇಪ್ಪತ್ತರ ಹರೆಯದ್ದು. ಬೆಳಗ್ಗೆ ಚೀಲ ಬೆನ್ನಿಗೇರಿಸಿ ಛತ್ರದ ಬಾಗಿಲಲ್ಲಿ ನಿಂತು "ರೈಟ್, ರೈಟ್!" ಅಂತ ಒಂದು ಕೂಗು ಹಾಕಿದರೆ ಮುಖ ತೊಳೆಯದವರೂ ಎದ್ದು ಹೊರಡಬೇಕು. ಯಾರಾದರೂ ಹಿಂದೆ ಬಿದ್ದರೆ "ಹಿಂದೆ ಜಾಗ ಖಾಲಿ ಇದೆ, ಮುಂದೆ ಬನ್ನಿ" ಅನ್ನುತ್ತಾಳೆ. ನನ್ನನ್ನು ಟೈಲರಮ್ಮ ಅನ್ನುತ್ತಾಳೆ, ನಾನು ಅವಳನ್ನು ಕಂಡಕ್ಟರಮ್ಮ ಅನ್ನುತ್ತೇನೆ. ಅವಳ ಕೈಯಲ್ಲಿ ಕಾಸು ನಿಲ್ಲುವುದಿಲ್ಲ. ಗೋಪುರದ ಪೇಟೆಯಲ್ಲಿ ಅಗಲ ಅಂಚಿನ ಕೆಂಪು ಹ್ಯಾಟು ಕೊಂಡಳು. ಹೊಟ್ಟೆಗೆ ಹಿಟ್ಟೂ ಬೇಕು, ಜುಟ್ಟಿಗೆ ಮಲ್ಲಿಗೆಯೂ ಬೇಕು ಅನ್ನುವ ಪೈಕಿ. ಆದರೆ ಅವಳ ಜೊತೆ ನಡೆದರೆ ಏರುದಾರಿ ಏರು ಅಂತಲೇ ಅನ್ನಿಸುವುದಿಲ್ಲ, ಅಷ್ಟು ನಗಿಸುತ್ತಾಳೆ!

ಈಗ ನನ್ನ ಜಾಣತನ ಕೇಳು. ನೀನು ಹಾಸಿಗೆ, ಕಾಲು ಅಂತೆಲ್ಲ ಬರೆಯುವ ಮೊದಲೇ ನಾನು ಹುಷಾರಾಗಿದ್ದೆ. ಒಂದೊಂದು ಜೇಬು ಬಿಚ್ಚಿದಾಗಲೂ ಅದರಲ್ಲಿ ಮೂರರಲ್ಲೊಂದು ಪಾಲು ತೆಗೆದು ಕೋಟಿನ ಬೆನ್ನಿನೊಳಗೆ ಮತ್ತೆ ಹೊಲಿದುಬಿಡುತ್ತೇನೆ. ಮುಟ್ಟುವುದೇ ಇಲ್ಲ. ಹೆಚ್ಚುಕಡಿಮೆಯಾದರೆ ಇರಲಿ ಅಂತ ಬಟ್ಟೆ ಕತ್ತರಿಸುವಾಗ ಬಿಡುತ್ತೇವಲ್ಲ, ಹಾಗೆ ಬಿಟ್ಟ ಅಂಚು ಅದು. ನಿನ್ನ ಕಾಗದ ಓದಿದ ಮೇಲೆ ಇನ್ನೂ ಸ್ವಲ್ಪ ಹೆಚ್ಚಿಗೆ ಬಿಡುತ್ತಿದ್ದೇನೆ. ಕಂಡಕ್ಟರಮ್ಮ ಬೆರಗಾಗಿದ್ದಾಳೆ.

ಏನು ತಿನ್ನುತ್ತೇನೆ ಅಂತ ಕೇಳಿದೆಯಲ್ಲ. ಬೆಳಗ್ಗೆ ಚಹಾ, ಬ್ರೆಡ್ಡು. ಸಂಜೆ ಒಂದು ಬಟ್ಟಲು ಸೂಪು. ಮಧ್ಯಾಹ್ನ ಎಲ್ಲರೂ ತಿನ್ನುವಾಗ ನಾನು ಬೂಟು ಬಿಚ್ಚಿ ಕಾಲು ಆರಿಸಿಕೊಳ್ಳುತ್ತೇನೆ, ಅದೂ ಸುಖವೇ. ಮೈ ಹಗುರವಾಗಿದೆ. ನೀನು ಹೊಲಿದುಕೊಟ್ಟ ಪ್ಯಾಂಟಿನ ಸೊಂಟವನ್ನು ಆಗಲೇ ಎರಡು ಸಲ ಒಳಗೆ ಹಿಡಿದೆ! ಮೊನ್ನೆ ಏರಿನಲ್ಲಿ ಕಣ್ಣಿಗೆ ಕತ್ತಲೆ ಬಂತು, ಕಂಡಕ್ಟರಮ್ಮ ಬಾಯಿಗೆ ಸಕ್ಕರೆ ಹಾಕಿ ಕೂರಿಸಿದಳು. ಬಿಸಿಲು, ಇನ್ನೇನಿಲ್ಲ.

ನೀನು ಕೊಟ್ಟಷ್ಟರಲ್ಲೇ ಗುಡ್ಡ ಮುಟ್ಟುತ್ತೇನೆ. ಒಂದು ಕಾಸೂ ಕೇಳುವುದಿಲ್ಲ. ನೋಡುತ್ತಿರು!

ಹೆಮ್ಮೆಯಿಂದ,
ಅಮ್ಮ


ಮಾರ್ಚ್ 21

ಅಮ್ಮಾ! ಅಮ್ಮಾ! ಅಮ್ಮಾ!

ಈ ಕಾಗದ ಕೈಗೆ ಬಂದ ತಕ್ಷಣ ಓದುವುದನ್ನು ಅರ್ಧಕ್ಕೇ ನಿಲ್ಲಿಸಿ ಮೊದಲು ಹೋಗಿ ಊಟ ಮಾಡಿ ಬಾ. ಆಮೇಲೆ ಓದು.

ಮಾಡಿದೆಯಾ? ಈಗ ಕೇಳು. ಅಂಚು ನಾನಾಗಲೇ ಬಿಟ್ಟಿದ್ದೆ!

ದಿನದ ಖರ್ಚಿನ ಅಂದಾಜು ಹಾಕುವಾಗ ಎಲ್ಲ ಕಡೆಗೂ ಪೇಟೆಯ ಬಾಡಿಗೆಯನ್ನೇ ಹಿಡಿದಿದ್ದೆ, ಹಳ್ಳಿಯದ್ದಲ್ಲ. ಊಟ ಮೂರು ಹೊತ್ತು, ಅದೂ ಹೋಟೆಲಿನದು. ಚಹಾ ನಾಲ್ಕು ಸಲ, ನಿನ್ನ ಚಟ ನನಗೆ ಗೊತ್ತಿಲ್ಲವೇ? ಅದರ ಮೇಲೆ ಮಳೆ ಬಂದು ಒಂದು ದಿನ ಕೂತರೆ ಇರಲಿ ಅಂತ ಪ್ರತಿ ಜೇಬಿಗೂ ಹೆಚ್ಚಿಗೆ ಹಾಕಿದ್ದೆ. ಹೇಳಿದರೆ ಧಾರಾಳವಾಗಿ ಖರ್ಚು ಮಾಡಿಬಿಡುತ್ತೀಯ ಅಂತ ಹೇಳಲಿಲ್ಲ, ಅಷ್ಟೆ. ನೀನು ಅದರ ಮೇಲೆ ಇನ್ನೊಂದು ಅಂಚು ಬಿಟ್ಟು ಉಪವಾಸ ನಡೆಯುತ್ತಿದ್ದೀಯ. ಮೈ ತುಂಬ ದುಡ್ಡು ಹೊತ್ತುಕೊಂಡು ಹಸಿವಿನಿಂದ ತಲೆ ತಿರುಗಿ ಬಿದ್ದವಳು ಈ ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು.

ಬ್ಯಾಂಡ್ ಮಾಸ್ಟರ್ ಕೋಟು ನೆನಪಿದೆಯಾ? ನಾನು ಸೀಮೆಸುಣ್ಣದ ಗೆರೆಯ ಆಚೆ ಅಂಚು ಬಿಟ್ಟು ಕತ್ತರಿಸಿದ್ದೆ. ನೀನು ನನ್ನ ಕತ್ತರಿಯ ಮೇಲೆ ನಂಬಿಕೆ ಸಾಲದೆ ಗೆರೆಯ ಈಚೆಗೆ ಮತ್ತೊಂದು ಅಂಚು ಬಿಟ್ಟು ಹೊಲಿದೆ. ಪಾಪ, ಆ ಮನುಷ್ಯ ಮೆರವಣಿಗೆಯಲ್ಲಿ ತುತ್ತೂರಿ ಊದಲು ಉಸಿರು ಎಳೆದುಕೊಂಡದ್ದೇ ತಡ, ಮೂರು ಗುಂಡಿ ಹಾರಿಹೋದವು. ಅವತ್ತು ಅಂಗಡಿಗೆ ನಿಯಮ ಮಾಡಿದವಳು ನೀನೇ. ಕತ್ತರಿ ಹಿಡಿದವರು ಅಂಚು ಬಿಡಬೇಕು, ಸೂಜಿ ಹಿಡಿದವರು ಗೆರೆಯ ಮೇಲೆ ಹೋಗಬೇಕು. ದುಡ್ಡಿಗೂ ಅದೇ ನಿಯಮ ಅಮ್ಮ. ಕತ್ತರಿಸಿ ಕೊಟ್ಟವಳು ನಾನು. ನೀನು ಗೆರೆಯ ಮೇಲೆ ಹೋಗು, ಹೊಟ್ಟೆ ತುಂಬ ತಿನ್ನು.

ಕಣ್ಣಿಗೆ ಕತ್ತಲೆ ಬಂತು ಅಂತ ಓದಿದ ಮೇಲೆ ನನಗೆ ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಾಗಲಿಲ್ಲ. ಇಸ್ತ್ರಿ ಅತ್ತೆಗೆ ಕಾಗದ ಓದಿ ಹೇಳಿದೆ. ಅವಳು ಮೊದಲು ಅತ್ತಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಾಯಿಗೆ ತಕ್ಕ ಮಗಳು, ಇಬ್ಬರಿಗೂ ಬುದ್ಧಿ ಜಾಸ್ತಿ" ಅಂದಳು.

ಕಂಡಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು. ಇನ್ನು ಮೇಲೆ ಅವಳು ತಿಂದಷ್ಟು ನೀನೂ ತಿನ್ನಬೇಕು. ಇದು ಆಜ್ಞೆ.

ಸಿಟ್ಟಿನಿಂದ, ಹೆದರಿಕೆಯಿಂದ,
ಮಗಳು


ಏಪ್ರಿಲ್ 3

ಬಂಗಾರಿ,

ತಿಂದೆ! ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ಎರಡು ಬಟ್ಟಲು ಸೂಪು, ಬಿಸಿ ಬ್ರೆಡ್ಡು, ಕೊನೆಗೆ ಒಂದು ದೊಡ್ಡ ತುಂಡು ಕೇಕು. ಕಂಡಕ್ಟರಮ್ಮ ಎದುರಿಗೆ ಕೂತು ಒಂದೊಂದು ತಟ್ಟೆ ಖಾಲಿಯಾದಾಗಲೂ "ಇಳಿಯೋರು ಇಳೀರಿ, ಹತ್ತೋರು ಹತ್ರಿ" ಅಂತ ಕೂಗಿ ಮುಂದಿನ ತಟ್ಟೆ ತರಿಸಿದಳು. ಹೋಟೆಲಿನವರು ಬಂದು ನೋಡಿಕೊಂಡು ಹೋದರು. ತಿಂದು, ನಿನ್ನ ಕಾಗದ ಮತ್ತೆ ಓದಿ, ಬ್ಯಾಂಡ್ ಮಾಸ್ಟರ್ ಗುಂಡಿಯ ಹತ್ತಿರ ಬಂದಾಗ ನಗು ತಡೆಯಲಾರದೆ ಕೆಮ್ಮು ಬಂತು. ನಾನೇ ಮಾಡಿದ ನಿಯಮ! ಅವತ್ತಿನಿಂದ ಬಟ್ಟೆಯಲ್ಲಿ ತಪ್ಪದವಳು ಹೊಟ್ಟೆಯಲ್ಲಿ ತಪ್ಪಿದೆ ನೋಡು.

ಆಮೇಲೆ ಕೋಟು ಬಿಚ್ಚಿ ಬೆನ್ನಿನ ಹೊಲಿಗೆ ತೆಗೆದೆ. (ಕತ್ತರಿಯಿಂದ, ಬ್ಲೇಡಿನಿಂದ ಅಲ್ಲ.) ಇಬ್ಬರೂ ಬಿಟ್ಟ ಅಂಚು ಸೇರಿ ಎಷ್ಟಾಗಿದೆ ಗೊತ್ತಾ? ಮಂಚದ ಮೇಲೆ ಹರವಿ ಮೂರು ಸಲ ಎಣಿಸಿದೆವು. ನನಗೆ ಗುಡ್ಡದವರೆಗೆ ಹೊಟ್ಟೆ ತುಂಬ ತಿಂದುಕೊಂಡು ಹೋಗುವುದಕ್ಕೆ ಸಾಕು. ಅದು ಹೋಗಿ ಮಿಕ್ಕದ್ದರಲ್ಲಿ, ಇನ್ನೊಬ್ಬರು ನಮ್ಮೂರಿಂದ ಬಸ್ಸಿನಲ್ಲಿ ಬಂದು, ಕೊನೆಯ ಹಂತ ನನ್ನ ಜೊತೆ ನಡೆದು, ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ವಾಪಸ್ಸು ಹೋಗಬಹುದು. ಕಂಡಕ್ಟರಮ್ಮ ಟಿಕೆಟ್ ದರ ಬಾಯಲ್ಲೇ ಕೂಡಿ ಹೇಳಿದಳು, ಚಿಲ್ಲರೆಯೂ ಉಳಿಯುತ್ತದಂತೆ.

ಮಗಳೇ, ನೀನು ಬಾ.

ಅಂಗಡಿಯಲ್ಲಿ ಇರುವುದು ಒಂದೇ ಕಿಟಕಿ. ಇಬ್ಬರಿಗೂ ಬೆಳಕು ಬೇಕು ಅಂತ ನಿನ್ನ ಮೇಜು ಆ ಕಡೆಗೆ, ನನ್ನ ಮಿಷನ್ನು ಈ ಕಡೆಗೆ ಹಾಕಿಕೊಂಡೆವು. ನಿಮ್ಮಪ್ಪ ಹೋದಾಗಿನಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೇವೆ. ಆಡಿದ ಮಾತೆಲ್ಲ ಕಾಲರು, ತೋಳು, ಗುಂಡಿ. ಇಲ್ಲಿ ದಾರಿ ಇಬ್ಬರು ಅಕ್ಕಪಕ್ಕ ನಡೆಯುವಷ್ಟೇ ಅಗಲ. ಕಂಡಕ್ಟರಮ್ಮನಿಗೆ ನಾನು ಏನೇನೋ ಹೇಳಿದೆ. ಮದುವೆಗೆ ಮುಂಚೆ ನಾನು ಹಾಡುತ್ತಿದ್ದದ್ದು, ನೀನು ಹುಟ್ಟಿದ ದಿನ ನನಗಾದ ಭಯ, ನಿಮ್ಮಪ್ಪ ಹೋದ ವರ್ಷ ಪೂರ್ತಿ ನಾನು ಮಿಷನ್ನಿನ ಸದ್ದಿನ ಮರೆಯಲ್ಲಿ ಅತ್ತದ್ದು. ಹೇಳಿ ಮುಗಿಸಿದ ಮೇಲೆ, ಅಯ್ಯೋ, ಇದನ್ನೆಲ್ಲ ಕೇಳಬೇಕಾದವಳು ಇವಳಲ್ಲವಲ್ಲ ಅನ್ನಿಸಿತು. ನಿನ್ನ ಜೊತೆ ನಡೆಯಬೇಕು ಅಂತ ನನಗೆ ತುಂಬ ಆಸೆಯಾಗಿದೆ.

ಬಸ್ಸಿನ ದುಡ್ಡು ಮನಿಯಾರ್ಡರ್ ಮಾಡಿದ್ದೇನೆ. ಬೇಡ ಅನ್ನಬೇಡ.

ಕಾಯುತ್ತಾ,
ಅಮ್ಮ


ಏಪ್ರಿಲ್ 11

ಅಮ್ಮಾ,

ಮನಿಯಾರ್ಡರ್ ಬಂತು. ದುಡ್ಡು ಎತ್ತಿಟ್ಟಿದ್ದೇನೆ. ನೀನು ಊಟ ಮಾಡಿದ್ದು ಓದಿ ಜೀವ ಬಂದಂತಾಯಿತು.

ಬರುವುದಕ್ಕೆ ಆಗುವುದಿಲ್ಲ. ಸಮವಸ್ತ್ರ ಇನ್ನೂ ಅರ್ಧ ಬಾಕಿ ಇದೆ. ವಾರಗಟ್ಟಲೆ ಬಾಗಿಲು ಹಾಕಿದರೆ ಗಿರಾಕಿಗಳು ಎದುರಿನವನ ಹತ್ತಿರ ಹೋಗುತ್ತಾರೆ, ಹೋದವರು ವಾಪಸ್ಸು ಬರುವುದಿಲ್ಲ. ನನ್ನ ಹತ್ತಿರ ನಡೆಯುವುದಕ್ಕೆ ಸರಿಯಾದ ಬೂಟೂ ಇಲ್ಲ. ಇಲ್ಲಿ ಬಿಸಿಲೂ ಜಾಸ್ತಿ.

ನೀನು ಮುಗಿಸಿಕೊಂಡು ಬಾ. ಬಂದ ಮೇಲೆ ಎಲ್ಲ ಹೇಳುವಿಯಂತೆ.

ನಾನು ಚೆನ್ನಾಗಿದ್ದೇನೆ.

ಮಗಳು


ಏಪ್ರಿಲ್ 20

ಮಗಳೇ,

ಅಲ್ಲಿ ಬಿಸಿಲು ಜಾಸ್ತಿ ಅಂತ ಇಲ್ಲಿಗೆ ಬರುವುದಿಲ್ಲ ಅನ್ನುವವಳನ್ನು ನಾನು ಹೆತ್ತಿದ್ದೇನೆ ಅಂತ ಇವತ್ತೇ ಗೊತ್ತಾಗಿದ್ದು.

ನಾನು ಕೊನೆಯ ಛತ್ರಕ್ಕೆ ಬಂದು ಮುಟ್ಟಿದೆ. ಕಿಟಕಿಯಿಂದ ಗುಡ್ಡ ಕಾಣುತ್ತದೆ ಕಣೇ! ತುದಿಯಲ್ಲಿ ಗುಡಿ ಬೆಳ್ಳಗೆ ಒಂದು ಚುಕ್ಕೆಯ ಹಾಗೆ ಹೊಳೆಯುತ್ತದೆ. ಇಷ್ಟು ತಿಂಗಳಿಂದ ಯಾವುದಕ್ಕಾಗಿ ನಡೆದೆನೋ ಅದು ಅದೇ. ಇಲ್ಲಿಂದ ಇನ್ನೊಂದೇ ದಿನದ ಏರು. ನಾಳೆ ಬೆಳಗ್ಗೆ ಹೊರಟರೆ ಸಂಜೆಗೆ ಮುಟ್ಟಬಹುದು.

ಹೊರಡುವುದಿಲ್ಲ. ಇಲ್ಲೇ ಕೂತಿದ್ದೇನೆ. ನೀನು ಬಂದ ಮೇಲೆಯೇ ನಾನು ಏರುವುದು.

ಇಲ್ಲಿ ಯಾತ್ರಿಕರಿಗೆ ಒಂದೇ ರಾತ್ರಿ ಅಂತ ನಿಯಮ. ಎರಡನೇ ರಾತ್ರಿಯಿಂದ ಬಾಡಿಗೆ ದುಪ್ಪಟ್ಟು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಗೊತ್ತು. ಕೊನೆಯ ಜೇಬು ಬಿಚ್ಚಿ ಆಯಿತು, ಅದರಲ್ಲೇ ದಿನ ತಳ್ಳುತ್ತೇನೆ. ಅದು ತೀರಿದರೆ ಮನೆಗೆ ಹೋಗುವ ಟಿಕೆಟ್ಟಿನ ದುಡ್ಡು ಮಾತ್ರ ಉಳಿಯುತ್ತದೆ. ಆವತ್ತು ಗುಡ್ಡಕ್ಕೆ ಬೆನ್ನು ಹಾಕಿ, ಕೆಳಗಿನ ಪೇಟೆಗೆ ಇಳಿದು ಬಸ್ಸು ಹತ್ತುತ್ತೇನೆ. ನಿನ್ನನ್ನು ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಒಬ್ಬಳೇ ಹೋಗಿ ಆ ತುದಿಯಲ್ಲಿ ನಿಂತರೆ ನನಗೆ ಅರ್ಧವೇ ಸಂತೋಷವಾಗುತ್ತದೆ. ಅರ್ಧ ಸಂತೋಷಕ್ಕೆ ಇಷ್ಟು ದೂರ ನಡೆಯುತ್ತಿರಲಿಲ್ಲ.

ದಿನಾ ಬರುವ ಯಾತ್ರಿಕರ ಚೀಲದ ಪಟ್ಟಿಗಳು ಹರಿದಿರುತ್ತವೆ, ಹೊಲಿದುಕೊಟ್ಟರೆ ಕಾಸು ಕೊಡುತ್ತಾರೆ. ಛತ್ರ ನೋಡಿಕೊಳ್ಳುವ ಅಮ್ಮನೂ ಅದನ್ನೇ ಹೇಳಿದಳು. ಒಲ್ಲೆ ಅಂದೆ. ಅರವತ್ತು ವರ್ಷಕ್ಕೆ ಒಂದು ಸಲ ಕೆಲಸ ಬಿಟ್ಟು ಬಂದಿದ್ದೇನೆ, ಇಲ್ಲೂ ಅಂಗಡಿ ತೆರೆಯಲಾರೆ.

ಕಂಡಕ್ಟರಮ್ಮ ಇವತ್ತು ಮೇಲಕ್ಕೆ ಹೊರಟುಹೋದಳು. ಬಾಗಿಲಲ್ಲಿ ನಿಂತು "ಟೈಲರಮ್ಮಾ, ಬಸ್ಸು ಹೊರಡ್ತಿದೆ" ಅಂದಳು. "ನನ್ನದು ಮುಂದಿನ ಬಸ್ಸು" ಅಂದೆ. ತಬ್ಬಿಕೊಂಡು ಅತ್ತುಬಿಟ್ಟೆವು. ಈಗ ಛತ್ರ ತುಂಬ ಸುಮ್ಮನಿದೆ.

ಹಟಮಾರಿ,
ನಿನ್ನ ಅಮ್ಮ


ಏಪ್ರಿಲ್ 28

ಅಮ್ಮಾ,

ಟಿಕೆಟ್ ತೆಗೆದುಕೊಂಡೆ.

ನಿನ್ನ ಕಾಗದ ಬಂದ ದಿನ ಸಿಟ್ಟು ಬಂದು ಅದನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ. ದಿನಕ್ಕೆ ದುಪ್ಪಟ್ಟು ಬಾಡಿಗೆ! ಕತ್ತರಿ ಆಡಿಸುವಾಗಲೂ ತಲೆಯೊಳಗೆ ಅದೇ. ಇವತ್ತಿನ ಮಂಚ ಹೋಯಿತು, ನಾಳೆಯ ಮಂಚ ಹೋಯಿತು, ಗುಡ್ಡದ ಬುಡದಲ್ಲಿ ಕೂತು ನನ್ನಮ್ಮ ಗುಡ್ಡವನ್ನೇ ಖರ್ಚು ಮಾಡುತ್ತಿದ್ದಾಳೆ ಅಂತ. ಇಸ್ತ್ರಿ ಅತ್ತೆಗೆ ದೂರು ಹೇಳಿದೆ. "ಅಂಗಡಿ ಬಿಟ್ಟು ಹೇಗೆ ಹೋಗ್ಲಿ ಅತ್ತೆ?" ಅಂದೆ. ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ಅಂಗಡಿ ಎಲ್ಲಿಗೂ ನಡ್ಕೊಂಡು ಹೋಗಲ್ಲ ಕಣೇ. ನಡ್ಕೊಂಡು ಹೋಗಿರೋದು ನಿಮ್ಮಮ್ಮ" ಅಂದಳು.

ನಿಜ ಹೇಳುತ್ತೇನೆ ಅಮ್ಮ, ಅಂಗಡಿ ಒಂದು ನೆಪ. ನನಗೆ ಭಯ. ನಡುವೆ ಬಟ್ಟೆ, ದಾರ, ಗಿರಾಕಿ ಯಾವುದೂ ಇಲ್ಲದೆ ನಿನ್ನ ಜೊತೆ ಇಡೀ ದಿನ ನಡೆದರೆ ಏನು ಮಾತಾಡುವುದು ಅಂತ ಭಯ. ಮಾತು ಅರ್ಧ ದಾರಿಯಲ್ಲೇ ಮುಗಿದುಹೋದರೆ? ಆಮೇಲೆ ಅಂಗಡಿಗೆ ಬಂದು ಮತ್ತೆ ಹೇಗೆ ಕೂರುವುದು? ನೀನು ಹಾಡುತ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ಮಿಷನ್ನಿನ ಮರೆಯಲ್ಲಿ ಅಳುತ್ತಿದ್ದೆ ಅಂತ ಗೊತ್ತಿತ್ತು. ಸದ್ದು ನಿಂತರೆ ಗೊತ್ತಾಗಿಬಿಡುತ್ತೆ ಅಂತ ನೀನು ಸೂಜಿಯ ಕೆಳಗೆ ಬಟ್ಟೆ ಇಡದೆಯೂ ಪೆಡಲ್ ತುಳಿಯುತ್ತಿದ್ದೆ. ನಾನು ತಿರುಗಿ ನೋಡಬೇಕಿತ್ತು. ತಿರುಗಿದರೆ ನಾನೂ ಅಳುತ್ತೇನೆ ಅಂತ ಸುಮ್ಮನೆ ಕತ್ತರಿಸುತ್ತಿದ್ದೆ.

ಸಮವಸ್ತ್ರ ಮುಗಿಸಿದೆ! ಹೇಗೆ ಮುಗಿಯಿತೋ ನನಗೇ ಗೊತ್ತಿಲ್ಲ. ಇಸ್ತ್ರಿ ಅತ್ತೆ ಗುಂಡಿ ಹಾಕಿಕೊಟ್ಟಳು, ಕೆಲವು ಮೇಲೆಕೆಳಗಾಗಿವೆ, ಮಕ್ಕಳು ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. ಬೀಗದ ಕೈ ಅವಳ ಹತ್ತಿರ. ಬಾಗಿಲಿಗೆ "ಟೈಲರ್ ಅಂಗಡಿ ಯಾತ್ರೆಗೆ ಹೋಗಿದೆ" ಅಂತ ಚೀಟಿ ಅಂಟಿಸಿದ್ದೇನೆ. ಎದುರಿನ ರೆಡಿಮೇಡ್‌ನವನು ಬಂದು ಓದಿ, "ನನ್ನ ಹೆಸರಲ್ಲೂ ಒಂದು ದೀಪ ಹಚ್ಚಿ ಬನ್ನಿ ಅಕ್ಕಾ" ಅಂದ. ನನಗೆ ಆಶ್ಚರ್ಯವಾಯಿತು. ಬೂಟನ್ನೂ ಕೊಂಡೆ, ಎರಡು ದಿನದಿಂದ ಅಂಗಡಿಯೊಳಗೇ ಹಾಕಿಕೊಂಡು ಓಡಾಡುತ್ತಿದ್ದೇನೆ. ನಡಿಗೆ ಬಾತುಕೋಳಿಯ ಹಾಗೆ ಆಗಿದೆ.

ಬಸ್ಸು ಶನಿವಾರ ಬೆಳಗ್ಗೆ ಕೆಳಗಿನ ಪೇಟೆ ಮುಟ್ಟುತ್ತದಂತೆ. ಅಲ್ಲಿಂದ ನಿನ್ನ ಛತ್ರಕ್ಕೆ ಒಂದು ದಿನದ ದಾರಿ, ನಡೆದೇ ಬರುತ್ತೇನೆ. ನೀನು ಅಲ್ಲೇ ಇರು. ಎಲ್ಲಿಗೂ ಕದಲಬೇಡ. ಸಂಜೆಗೆ ಇಬ್ಬರಿಗೂ ಸೇರಿಸಿ ಊಟ ಹೇಳು, ಕಂಜೂಸುತನ ಮಾಡಬೇಡ.

ಬರುತ್ತಿರುವ,
ಮಗಳು


ಮೇ 4, ಶನಿವಾರ, ಬೆಳಗ್ಗೆ

(ಛತ್ರದ ಅಮ್ಮನಿಗೆ: ಹೊಸ ಬೂಟು ಹಾಕಿಕೊಂಡು, ಬಂದವಳೇ ಬಾಡಿಗೆ ಎಷ್ಟು ಅಂತ ಕೇಳುವ ಹುಡುಗಿ ಬಂದರೆ ಈ ಚೀಟಿ ಅವಳ ಕೈಗೆ ಕೊಡಿ.)

ಮಗಳೇ,

ಕದಲಬೇಡ ಅಂದಿದ್ದೆ. ಕದಲಿದ್ದೇನೆ, ಬೈಯಬೇಡ.

ಕಾಗದ ನಿನ್ನೆ ಬಂತು. ಓದಿ ನಾನು ಹಾಕಿದ ಕೂಗಿಗೆ ಮಲಗಿದ್ದವರೆಲ್ಲ ಎದ್ದು, ಯಾರಿಗೋ ಏನೋ ಆಯಿತು ಅಂತ ನೀರು ತಂದುಕೊಟ್ಟರು. "ಏನೂ ಆಗಿಲ್ಲ, ನನ್ನ ಮಗಳು ಬರ್ತಿದ್ದಾಳೆ" ಅಂದೆ. ಗುರುತಿಲ್ಲದ ಜನ ಕೈ ಕುಲುಕಿದರು! ಸಂಜೆಯವರೆಗೆ ಈ ಮಂಚದ ಮೇಲೆ ಕೂತಿರುವುದು ನನ್ನಿಂದಾಗದು. ಆದ್ದರಿಂದ ನಾನು ಇಳಿದು ಬರುತ್ತಿದ್ದೇನೆ. ನೀನು ಅಲ್ಲಿಂದ ಹತ್ತುತ್ತಾ ಬಾ, ನಾನು ಇಲ್ಲಿಂದ ಇಳಿಯುತ್ತಾ ಬರುತ್ತೇನೆ, ನಡುವೆ ಎಲ್ಲೋ ಸಿಗುತ್ತೇವೆ. ಅಲ್ಲಿಂದ ಮತ್ತೆ ಇಬ್ಬರೂ ಮೇಲಕ್ಕೆ. ಇರುವುದು ಒಂದೇ ದಾರಿ, ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಅಕಸ್ಮಾತ್ ನಾನು ಚಹಾ ಅಂಗಡಿಯೊಳಗೆ ಇದ್ದಾಗ ನೀನು ಮುಂದೆ ಬಂದುಬಿಟ್ಟರೆ ಇರಲಿ ಅಂತ ಈ ಚೀಟಿ. ಹಾಗಾದರೆ ಇಲ್ಲೇ ಕೂತಿರು, ಓಡಿ ಬರುತ್ತೇನೆ.

ಮಾತು ಮುಗಿದುಹೋದರೆ ಅಂತ ಹೆದರಿದ್ದೀಯ. ಮುಗಿದರೆ ಸುಮ್ಮನೆ ನಡೆಯೋಣ. ಸುಮ್ಮನೆ ನಡೆಯುವುದೂ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ? ನಾನು ಕಲಿಸಿಕೊಡುತ್ತೇನೆ.

ಛತ್ರದ ಅಮ್ಮ "ಇಷ್ಟು ದೂರ ಬಂದು ಗುಡ್ಡಕ್ಕೆ ಬೆನ್ನು ಹಾಕಿ ಹೊರಟವರನ್ನು ನಾನು ನೋಡೇ ಇಲ್ಲ" ಅನ್ನುತ್ತಾಳೆ. ದಾರಿಯಲ್ಲಿ ಎದುರು ಬರುವ ಯಾತ್ರಿಕರೆಲ್ಲ ನನ್ನನ್ನು ತಡೆದು, "ಅಜ್ಜೀ, ದಾರಿ ತಪ್ಪಿದ್ದೀರಿ, ಗುಡ್ಡ ಆ ಕಡೆ ಇದೆ" ಅಂತ ಕೈ ತೋರಿಸುತ್ತಾರಂತೆ. ತೋರಿಸಲಿ. ಒಬ್ಬೊಬ್ಬರಿಗೂ ನಿಂತು ಹೇಳುತ್ತೇನೆ, ನನ್ನ ಮಗಳು ಈ ಕಡೆಯಿಂದ ಬರುತ್ತಿದ್ದಾಳೆ ಅಂತ.

ಅಮ್ಮ